ಕೊನೆಯ ಬಸ್ಸು ಹೋದ ಮೇಲೆ

ರಾತ್ರಿ ಪಾಳಿಯಲ್ಲಿ ದುಡಿಯುವವರ ಮನೆಗಳಲ್ಲಿ ಒಂದು ಲೆಕ್ಕಾಚಾರ ಸದಾ ನಡೆಯುತ್ತಲೇ ಇರುತ್ತದೆ. ಹೋಗುವಾಗ ಬಸ್ಸು ಸಿಗುತ್ತದೆ, ಹಿಂದಿರುಗುವುದು ಹೇಗೆ? ಆಸ್ಪತ್ರೆಯ ದಾದಿ, ಹೋಟೆಲಿನ ಅಡುಗೆಯವರು, ಕಟ್ಟಡದ ಕಾವಲುಗಾರ, ಮೀನು ಸಂಸ್ಕರಣೆಯ ಕಾರ್ಖಾನೆಯಲ್ಲಿ ಗಂಟೆಗಟ್ಟಲೆ ನಿಂತು ಕೆಲಸ ಮಾಡುವ ಹೆಣ್ಣುಮಕ್ಕಳು, ಇವರಲ್ಲಿ ಸ್ವಂತ ವಾಹನವಿಲ್ಲದ ಯಾರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಅಣ್ಣನೋ ತಮ್ಮನೋ ಬೈಕಿನಲ್ಲಿ ಬಂದು ಕರೆದೊಯ್ದರೆ ಸರಿ. ಇಲ್ಲವಾದರೆ ರಿಕ್ಷಾದವರು ಹೇಳಿದ ಬಾಡಿಗೆ ಕೊಡಬೇಕು. ತಿಂಗಳ ಕೊನೆಗೆ ಕೈಗೆ ಬಂದ ಸಂಬಳದಲ್ಲಿ ಬಾಡಿಗೆಗೆ ಹೋದುದೆಷ್ಟು, ಮನೆಗೆ ಉಳಿದುದೆಷ್ಟು ಎಂದು ಕೂಡಿ ಕಳೆದಾಗ ಕೆಲಸ ಬಿಡುವುದೇ ಲೇಸೆಂದು ತೋರುವ ಸಂದರ್ಭಗಳೂ ಇಲ್ಲದಿಲ್ಲ.

ಇದು ನಮ್ಮ ಕರಾವಳಿಯ ಸಂಕಟ ಮಾತ್ರವಲ್ಲ. ಸಿರಿವಂತ ನಾಡೆಂದು ನಾವು ಭಾವಿಸಿರುವ ಅಮೆರಿಕದಲ್ಲಿ ಇದು ಒಂದು ಬಗೆಯಲ್ಲಿ ಇನ್ನೂ ಕಠಿಣವಾದುದು. ಅಲ್ಲಿನ ಹೆಚ್ಚಿನ ಊರುಗಳು ಕಾರನ್ನು ನಂಬಿ ಬೆಳೆದವು. ಮನೆಗಳು ಒಂದೆಡೆ, ಅಂಗಡಿಗಳು ಇನ್ನೊಂದೆಡೆ, ದುಡಿಮೆಯ ಸ್ಥಳ ಮತ್ತೆಲ್ಲೋ. ನಡುವೆ ಅಗಲವಾದ ಹೆದ್ದಾರಿ. ಎಷ್ಟೋ ಕಡೆ ನಡೆದು ಹೋಗೋಣವೆಂದರೆ ಕಾಲುದಾರಿಯೂ ಇರುವುದಿಲ್ಲ. ಕೈ ಅಡ್ಡ ಹಿಡಿದರೆ ನಿಲ್ಲುವ ರಿಕ್ಷಾವಂತೂ ಇಲ್ಲವೇ ಇಲ್ಲ. ಇಂತಹ ಊರಿನಲ್ಲಿ ಕಾರು ಕೊಳ್ಳಲಾರದವರು ಕೆಲಸ ಹುಡುಕುವಾಗ ಮೊದಲು ಕೇಳಬೇಕಾದುದು ಸಂಬಳ ಎಷ್ಟೆಂದಲ್ಲ, ಆ ದಾರಿಗೆ ಬಸ್ಸಿದೆಯೇ, ಎಷ್ಟು ಹೊತ್ತಿನವರೆಗೆ ಇದೆ ಎಂದು.

ಮೊಬೈಲಿನಲ್ಲಿ ಕರೆದರೆ ಕೆಲವು ನಿಮಿಷಗಳಲ್ಲಿ ಮನೆ ಬಾಗಿಲಿಗೆ ಬಂದು ನಿಲ್ಲುವ ಊಬರ್, ಲಿಫ್ಟ್ ಮೊದಲಾದ ಕಾರು ಸೇವೆಗಳು ಹರಡಿದಂತೆ ಅಲ್ಲಿನ ಕೆಲವು ಸ್ಥಳೀಯ ಆಡಳಿತಗಳಿಗೆ ಒಂದು ಆಲೋಚನೆ ಬಂತು. ನಡುರಾತ್ರಿಯಲ್ಲಿ ಇಬ್ಬರು ಮೂವರಿಗಾಗಿ ದೊಡ್ಡ ಬಸ್ಸು ಓಡಿಸುವುದರ ಬದಲು, ಆ ಇಬ್ಬರು ಮೂವರ ಕಾರು ಬಾಡಿಗೆಯನ್ನು ಸರಕಾರವೇ ಕೊಟ್ಟರೆ ಹೇಗೆ? 2016ರಿಂದೀಚೆಗೆ ಇಂತಹ ಪ್ರಯೋಗಗಳು ಹಲವು ನಡೆದಿವೆ. ಅವುಗಳಲ್ಲಿ ಎರಡನ್ನು ಇಲ್ಲಿ ತುಸು ವಿವರವಾಗಿ ನೋಡಬಹುದು. ಒಂದು ಬಡವರಿಗೆಂದೇ ಗೆರೆ ಎಳೆದು ಮಾಡಿದುದು; ಇನ್ನೊಂದು ಊರಿಗೆಲ್ಲ ಬಾಗಿಲು ತೆರೆದುದು.

ಇಪ್ಪತ್ತಮೂರು ರಾತ್ರಿಗಳು

ಫ್ಲಾರಿಡಾ ರಾಜ್ಯದ ಪಶ್ಚಿಮ ಕರಾವಳಿಯಲ್ಲಿ ಪಿನೆಲ್ಲಾಸ್ ಎಂಬ ಜಿಲ್ಲೆಯಿದೆ. ಸೈಂಟ್ ಪೀಟರ್ಸ್‌ಬರ್ಗ್ ಮತ್ತು ಕ್ಲಿಯರ್‌ವಾಟರ್ ಅಲ್ಲಿನ ಮುಖ್ಯ ನಗರಗಳು. ಒಂಬತ್ತು ಲಕ್ಷಕ್ಕೂ ಮಿಕ್ಕಿದ ಜನಸಂಖ್ಯೆ, ಬಿಳಿ ಮರಳಿನ ಕಡಲತೀರ, ಪ್ರವಾಸಿಗರಿಗಾಗಿ ಸಾಲು ಸಾಲು ಹೋಟೆಲುಗಳು. ಹೋಟೆಲು, ಆಸ್ಪತ್ರೆ, ವೃದ್ಧಾಶ್ರಮಗಳಿರುವಲ್ಲಿ ರಾತ್ರಿಯ ದುಡಿಮೆಯೂ ಇರಲೇಬೇಕು. ಬಸ್ಸು ಓಡಿಸುವ ಹೊಣೆ ಪಿನೆಲ್ಲಾಸ್ ಸನ್‌ಕೋಸ್ಟ್ ಸಾರಿಗೆ ಪ್ರಾಧಿಕಾರದ್ದು. ಬಸ್ಸುಗಳನ್ನು ಹೆಚ್ಚಿಸಿ ರೈಲು ಮಾರ್ಗವನ್ನೂ ಹಾಕುವ ಉದ್ದೇಶದಿಂದ ಮಾರಾಟದ ಮೇಲೆ ಶೇಕಡಾ ಒಂದರಷ್ಟು ಹೊಸ ತೆರಿಗೆ ವಿಧಿಸುವ ಪ್ರಸ್ತಾವವೊಂದು 2014ರ ನವೆಂಬರಿನಲ್ಲಿ ಮತದಾರರ ಮುಂದೆ ಬಂದಿತ್ತು. ಜನ ಅದನ್ನು ದೊಡ್ಡ ಅಂತರದಿಂದ ತಳ್ಳಿಹಾಕಿದರು. ಮತ ಹಾಕಿದವರಲ್ಲಿ ಬಹುಪಾಲು ಮಂದಿ ಕಾರುಳ್ಳವರೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಣ ಬರಲಿಲ್ಲ, ಆದರೆ ಪ್ರಯಾಣಿಕರು ಇದ್ದೇ ಇದ್ದರು. 2016ರ ಫೆಬ್ರವರಿಯಲ್ಲಿ ಪ್ರಾಧಿಕಾರ ಒಂದು ಸಣ್ಣ ಹೆಜ್ಜೆಯಿಟ್ಟಿತು. ಗೊತ್ತುಪಡಿಸಿದ ಕೆಲವು ಪ್ರದೇಶಗಳಲ್ಲಿ ಮನೆಯಿಂದ ಬಸ್ಸು ನಿಲ್ದಾಣದವರೆಗೆ ಊಬರ್ ಕಾರಿನಲ್ಲೋ ಊರಿನ ಟ್ಯಾಕ್ಸಿಯಲ್ಲೋ ಬಂದವರಿಗೆ ಬಾಡಿಗೆಯ ಅರ್ಧವನ್ನು, ಮೂರು ಡಾಲರ್ ಮೀರದಂತೆ, ತಾನೇ ಭರಿಸುವುದಾಗಿ ಸಾರಿತು. ಅಮೆರಿಕದಲ್ಲಿ ಸಾರ್ವಜನಿಕ ಸಾರಿಗೆ ಸಂಸ್ಥೆಯೊಂದು ಇಂತಹ ಕಂಪೆನಿಯೊಡನೆ ಕೈಜೋಡಿಸಿದ ಮೊದಲ ನಿದರ್ಶನಗಳಲ್ಲಿ ಇದೊಂದು. ಊರಿನ ಟ್ಯಾಕ್ಸಿಯನ್ನೂ ಜತೆಗೆ ಸೇರಿಸಿಕೊಂಡದ್ದು ಜಾಣತನದ ಕೆಲಸ. ಮೊಬೈಲ್ ಆ್ಯಪ್ ಇಲ್ಲದವರು ಫೋನ್ ಮಾಡಿ ಟ್ಯಾಕ್ಸಿ ಕರೆಯಬಹುದಿತ್ತು. ಬ್ಯಾಂಕಿನ ಕಾರ್ಡು ಇಲ್ಲದವರು ನಗದು ಕೊಡಬಹುದಿತ್ತು. ಬಡವರಿಗಾಗಿ ಯೋಜನೆ ಮಾಡುವವರು ಬಡವರ ಕಿಸೆಯಲ್ಲಿ ಏನಿರುತ್ತದೆ, ಏನಿರುವುದಿಲ್ಲ ಎಂಬುದನ್ನು ಮರೆಯುವುದೇ ಹೆಚ್ಚು.

ಅದೇ ವರ್ಷ ರಾತ್ರಿ ಪಾಳಿಯವರಿಗಾಗಿಯೇ ಇನ್ನೊಂದು ಯೋಜನೆ ಬಂತು. ಅದರ ಹೆಸರೇ 'ಲೇಟ್ ಶಿಫ್ಟ್'. ಇದರ ವಿವರಗಳನ್ನು ಸ್ವಲ್ಪ ತಾಳ್ಮೆಯಿಂದ ನೋಡಬೇಕು, ಯಾಕೆಂದರೆ ಇಂತಹ ಯೋಜನೆಗಳ ಗುಣದೋಷವೆಲ್ಲ ಅಡಗಿರುವುದು ವಿವರಗಳಲ್ಲೇ. ಕುಟುಂಬದ ಆದಾಯ ಅಲ್ಲಿನ ಕೇಂದ್ರ ಸರಕಾರ ಗೊತ್ತುಪಡಿಸಿದ ಬಡತನ ರೇಖೆಯ ಒಂದೂವರೆ ಪಟ್ಟನ್ನು ಮೀರದವರಿಗೆ ತಿಂಗಳಿಗೆ 11 ಡಾಲರಿನ ಬಸ್ ಪಾಸ್ ದೊರೆಯುತ್ತಿತ್ತು. 2016ರಲ್ಲಿ ಫ್ಲಾರಿಡಾದ ಕನಿಷ್ಠ ವೇತನ ಗಂಟೆಗೆ 8 ಡಾಲರ್ 5 ಸೆಂಟ್ ಇತ್ತು. ಅಂದರೆ ಇಡೀ ತಿಂಗಳ ಬಸ್ಸಿನ ಖರ್ಚು ಒಂದೂವರೆ ಗಂಟೆಯ ಕೂಲಿಗೂ ಕಡಿಮೆ. ಹೀಗೆ ಪಾಸ್ ಪಡೆದವರಲ್ಲಿ ರಾತ್ರಿ ಕೆಲಸವಿದ್ದವರು ರಾತ್ರಿ 9 ಗಂಟೆಯಿಂದ ಬೆಳಿಗ್ಗೆ 6 ಗಂಟೆಯ ನಡುವೆ ಮನೆಯಿಂದ ಕೆಲಸಕ್ಕೆ ಅಥವಾ ಕೆಲಸದಿಂದ ಮನೆಗೆ ತಿಂಗಳಿಗೆ 23 ಬಾರಿ ಕಾರಿನಲ್ಲಿ ಉಚಿತವಾಗಿ ಪ್ರಯಾಣಿಸಬಹುದಿತ್ತು.

ಇಪ್ಪತ್ತಮೂರೇ ಏಕೆ? ವಾರದ ರಜೆಗಳನ್ನು ಕಳೆದರೆ ತಿಂಗಳೊಂದರಲ್ಲಿ ಕೆಲಸದ ದಿನಗಳು ಹೆಚ್ಚೆಂದರೆ ಅಷ್ಟೇ. ಸಂಜೆ ಪಾಳಿಯವರು ಹಗಲಿರುವಾಗಲೇ ಬಸ್ಸಿನಲ್ಲಿ ಹೋಗುತ್ತಾರೆ, ನಡುರಾತ್ರಿ ಕಾರಿನಲ್ಲಿ ಮರಳುತ್ತಾರೆ. ನಸುಕಿನ ಪಾಳಿಯವರು ಕಾರಿನಲ್ಲಿ ಹೋಗಿ ಮಧ್ಯಾಹ್ನ ಬಸ್ಸಿನಲ್ಲಿ ಬರುತ್ತಾರೆ. ಒಂದು ದಿಕ್ಕಿಗೆ ಬಸ್ಸು, ಇನ್ನೊಂದು ದಿಕ್ಕಿಗೆ ಕಾರು. ಬಸ್ಸು ಇರುವಲ್ಲಿ ಬಸ್ಸನ್ನೇ ಬಳಸಬೇಕು, ಇಲ್ಲದಾಗ ಮಾತ್ರ ಕಾರು ಎಂಬ ಸರಳ ವಿವೇಕ ಈ ಒಂದು ಅಂಕೆಯಲ್ಲಿದೆ.

ಈ ಯೋಜನೆಗೆ ಫ್ಲಾರಿಡಾ ರಾಜ್ಯದ ಆಯೋಗವೊಂದು 3 ಲಕ್ಷ ಡಾಲರ್ ಅನುದಾನ ನೀಡಿತು. ವಾಹನ ಸೌಕರ್ಯವಿಲ್ಲದ ಬಡವರು, ವೃದ್ಧರು, ವಿಕಲಚೇತನರ ಪ್ರಯಾಣಕ್ಕೆಂದೇ ಆ ರಾಜ್ಯದಲ್ಲಿ ಪ್ರತ್ಯೇಕ ನಿಧಿಯೊಂದಿದೆ. ಪ್ರತಿಯೊಂದು ವಾಹನದ ನೋಂದಣಿಯಿಂದಲೂ ಒಂದೂವರೆ ಡಾಲರ್ ಆ ನಿಧಿಗೆ ಸೇರುತ್ತದೆ. ತೆರಿಗೆ ಬೇಡವೆಂದು ಮತ ಹಾಕಿದ ಕಾರಿನ ಒಡೆಯನೂ ತನಗರಿವಿಲ್ಲದೆಯೇ ಕಾರಿಲ್ಲದವನ ದಾರಿಖರ್ಚಿಗೆ ಕಾಣಿಕೆ ಹಾಕಿರುತ್ತಾನೆ. ಈ ಏರ್ಪಾಡು ಈ ಲೇಖಕನಿಗೆ ಬಹಳ ಹಿಡಿಸಿತು.

ಆದರೆ 3 ಲಕ್ಷ ಡಾಲರ್ ಎಷ್ಟು ದೂರ ಬಂದೀತು? ಒಂದು ಪ್ರಯಾಣಕ್ಕೆ ಸರಾಸರಿ 15 ಡಾಲರ್ ತಗಲುತ್ತದೆಂದು ಊಹಿಸೋಣ. ಆಗ ಒಟ್ಟು 20,000 ಪ್ರಯಾಣಗಳಾದವು. ಒಬ್ಬ ಕಾರ್ಮಿಕ ತಿಂಗಳಿಗೆ 23ರಂತೆ ವರ್ಷವಿಡೀ ಬಳಸಿದರೆ ಅವನೊಬ್ಬನಿಗೇ 276 ಬೇಕು. ಅಂದರೆ ಇಡೀ ಅನುದಾನ ಎಪ್ಪತ್ತು ಚಿಲ್ಲರೆ ಮಂದಿಗೆ ಸಾಕಾಗುತ್ತದೆ. ಎಲ್ಲರೂ ಪೂರ್ತಿ ಬಳಸುವುದಿಲ್ಲವಾದುದರಿಂದ ಇನ್ನಷ್ಟು ಜನರಿಗೆ ದಕ್ಕೀತು. ಹಾಗಿದ್ದರೂ ಒಂಬತ್ತು ಲಕ್ಷ ಜನರ ಜಿಲ್ಲೆಯಲ್ಲಿ ಇದು ಒಂದು ಹಿಡಿ. ಆ ಒಂದು ಹಿಡಿ ಜನರಿಗೆ ಮಾತ್ರ ಅದು ಕೆಲಸ ಉಳಿಯುವ, ಕೆಲಸ ಹೋಗುವ ನಡುವಿನ ಅಂತರ.

ಇನ್ನಿಸ್‌ಫಿಲ್ ಕಂಡ ಯಶಸ್ಸು

ಈಗ ಉತ್ತರಕ್ಕೆ, ಕೆನಡಾ ದೇಶಕ್ಕೆ ಹೋಗೋಣ. ಟೊರಾಂಟೋ ನಗರದ ಉತ್ತರದಲ್ಲಿ, ಸಿಮ್ಕೋ ಸರೋವರದ ದಂಡೆಯಲ್ಲಿ ಇನ್ನಿಸ್‌ಫಿಲ್ ಎಂಬ ಊರಿದೆ. 2016ರ ಜನಗಣತಿಯಂತೆ 36,000ಕ್ಕೂ ಸ್ವಲ್ಪ ಹೆಚ್ಚು ಜನ. ಊರಿಗೆ ಬಸ್ಸು ಸೇವೆ ಇರಲಿಲ್ಲ. ಒಂದು ಬಸ್ಸು ಓಡಿಸಲು ವರ್ಷಕ್ಕೆ 2,70,000 ಕೆನಡಾ ಡಾಲರ್, ಎರಡಕ್ಕೆ 6,10,000 ಡಾಲರ್ ಬೇಕಾದೀತೆಂಬ ಅಂದಾಜು ಪುರಸಭೆಯ ಮುಂದಿತ್ತು. ಮನೆಗಳು ದೂರದೂರ ಚದರಿರುವ ಊರು. ಒಂದು ಬಸ್ಸು ಓಡಿದರೆ ಎಷ್ಟು ಮನೆಗಳ ಬಳಿ ಹಾದುಹೋದೀತು? ಬಸ್ಸಿನ ಬದಲು ಊಬರ್ ಬಾಡಿಗೆಗೆ ಸಹಾಯಧನ ಕೊಡುವುದೆಂದು ಪುರಸಭೆ ನಿಶ್ಚಯಿಸಿ, 2017ರ ಮೇ ತಿಂಗಳಲ್ಲಿ ಆರಂಭಿಸಿತು. ಪುರಭವನ, ರೈಲು ನಿಲ್ದಾಣ ಮೊದಲಾದ ಕೆಲವು ಸ್ಥಳಗಳಿಗೆ 3ರಿಂದ 5 ಡಾಲರಿನ ನಿಗದಿತ ದರ. ಊರೊಳಗೆ ಬೇರೆಲ್ಲಿಗೆ ಹೋದರೂ ಬಾಡಿಗೆಯಲ್ಲಿ 5 ಡಾಲರ್ ರಿಯಾಯಿತಿ. ಮಿಕ್ಕಿದ್ದನ್ನು ಪುರಸಭೆ ತುಂಬಿಕೊಡುತ್ತಿತ್ತು. ಆದಾಯ ಕೇಳುವವರಿಲ್ಲ, ಬಡವ ಬಲ್ಲಿದನೆನ್ನದೆ ಎಲ್ಲರಿಗೂ.

ಜನ ಮೆಚ್ಚಿದರು. ಕಾರಿಲ್ಲದ ವಿದ್ಯಾರ್ಥಿಗಳು, ಕಾರು ಬಿಡಲಾಗದ ಮುದುಕರು, ಕಡಿಮೆ ಸಂಬಳದ ದುಡಿಮೆಗಾರರು ಎಲ್ಲರೂ ಹತ್ತಿದರು. 2018ರಲ್ಲಿ ಪ್ರಯಾಣಗಳ ಸಂಖ್ಯೆ ಸುಮಾರು 86,000 ತಲಪಿತು. ಪುರಸಭೆಗೆ ಬಂದ ಬಿಲ್ಲು ಸುಮಾರು 6,40,000 ಡಾಲರ್. ಎರಡು ಬಸ್ಸುಗಳ ಅಂದಾಜನ್ನು ಎರಡು ವರ್ಷದೊಳಗೆ ದಾಟಿಯಾಗಿತ್ತು.

ಇಲ್ಲಿ ಎಡವಿದ್ದೆಲ್ಲಿ ಎಂಬುದು ನಮ್ಮ ಕಡೆ ಮಗಳ ಮದುವೆ ಮಾಡಿದ ಯಾವ ತಂದೆಗೂ ಕೂಡಲೇ ಅರ್ಥವಾದೀತು. ದಿಬ್ಬಣಕ್ಕೆ ಬಸ್ಸು ಗೊತ್ತುಮಾಡಿದರೆ ಇಪ್ಪತ್ತು ಮಂದಿ ಬಂದರೂ ಅಷ್ಟೇ, ಐವತ್ತು ಮಂದಿ ಬಂದರೂ ಅಷ್ಟೇ ಬಾಡಿಗೆ. ನೆಂಟರು ಹೆಚ್ಚಿದಷ್ಟೂ ತಲೆಗೆ ಬೀಳುವ ಖರ್ಚು ಇಳಿಯುತ್ತದೆ. ಅದರ ಬದಲು 'ನೀವೆಲ್ಲ ರಿಕ್ಷಾ ಮಾಡಿಕೊಂಡು ಬನ್ನಿ, ಬಾಡಿಗೆ ನಾನು ಕೊಡುತ್ತೇನೆ' ಎಂದು ಹೇಳಿದ ಯಜಮಾನನಿಗೆ ಅಂಗಳದಲ್ಲಿ ಬಂದಿಳಿಯುವ ಒಬ್ಬೊಬ್ಬ ನೆಂಟನನ್ನು ನೋಡಿದಾಗಲೂ ಸಂತೋಷದ ಜತೆಗೆ ಎದೆ ಧಸಕ್ಕೆನ್ನುತ್ತದೆ. ಬಸ್ಸಿನ ಯಶಸ್ಸು ಬಸ್ಸಿನ ಖರ್ಚನ್ನು ಹಗುರ ಮಾಡುತ್ತದೆ. ಬಾಡಿಗೆ ಕಾರಿನ ಯಶಸ್ಸು ಖರ್ಚನ್ನು ಏರಿಸುತ್ತಲೇ ಹೋಗುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲವೇ? 2019ರ ಏಪ್ರಿಲಿನಲ್ಲಿ ಇನ್ನಿಸ್‌ಫಿಲ್ ಪುರಸಭೆ ನಿಗದಿತ ದರವನ್ನು ಒಂದೊಂದು ಡಾಲರ್ ಏರಿಸಿತು, ರಿಯಾಯಿತಿಯನ್ನು 4 ಡಾಲರಿಗೆ ಇಳಿಸಿತು, ಒಬ್ಬರಿಗೆ ತಿಂಗಳಿಗೆ 30 ಪ್ರಯಾಣಗಳ ಮಿತಿ ಹಾಕಿತು. ಹೆಚ್ಚು ಬೇಕಾದವರು ಅರ್ಜಿ ಹಾಕಬಹುದೆಂಬ ಅವಕಾಶವನ್ನು ಇಟ್ಟುಕೊಂಡಿತು. ಮೂವತ್ತು ಎಂದರೆ ಧಾರಾಳವೆಂದು ತೋರುತ್ತದೆ. ಆದರೆ ಹೋಗುವುದು ಒಂದು, ಬರುವುದು ಒಂದು ಎಂದು ಎಣಿಸಿದರೆ ಹದಿನೈದೇ ದಿನಗಳಾದವು. ವಾರಕ್ಕೊಮ್ಮೆ ಗ್ರಂಥಾಲಯಕ್ಕೋ ಆಟದ ಮೈದಾನಕ್ಕೋ ಹೋಗುವವರಿಗೆ ಈ ಮಿತಿ ತಾಗುವುದೇ ಇಲ್ಲ. ತಾಗುವುದು ದಿನವೂ ದುಡಿಮೆಗೆ ಹೋಗುವವರಿಗೆ. ಪಿನೆಲ್ಲಾಸಿನ 23 ಒಬ್ಬ ಕಾರ್ಮಿಕನ ಇಡೀ ತಿಂಗಳನ್ನು ಕಾಯುತ್ತಿತ್ತು, ಯಾಕೆಂದರೆ ಇನ್ನರ್ಧ ದಾರಿಗೆ ಅಲ್ಲಿ ಬಸ್ಸಿತ್ತು. ಇನ್ನಿಸ್‌ಫಿಲ್ಲಿನ 30 ಅರ್ಧ ತಿಂಗಳಿಗೇ ಮುಗಿಯುತ್ತಿತ್ತು, ಯಾಕೆಂದರೆ ಅಲ್ಲಿ ಬಸ್ಸೇ ಇರಲಿಲ್ಲ. ಸರಕಾರ ಕೊಡುವ ಬಾಡಿಗೆ ಬಸ್ಸಿಗೆ ಬೆನ್ನಾಗಿ ನಿಲ್ಲಬಲ್ಲುದು. ಬಸ್ಸಿನ ಜಾಗದಲ್ಲಿ ಕುಳಿತರೆ ಮೊದಲು ನೋಯುವವನು ಬಡವನೇ.

ಮೂರನೆಯ ಪ್ರಯೋಗವೊಂದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಬಾಸ್ಟನ್ ಪ್ರದೇಶದ ಸಾರಿಗೆ ಪ್ರಾಧಿಕಾರ ವಿಕಲಚೇತನರಿಗಾಗಿ ಮನೆ ಬಾಗಿಲಿಗೆ ವಾಹನ ಕಳುಹಿಸುತ್ತದೆ. ಅದಕ್ಕೆ ಹಿಂದಿನ ದಿನವೇ ತಿಳಿಸಿ ಕಾದಿರಿಸಬೇಕಿತ್ತು. 2016ರ ಅಕ್ಟೋಬರಿನಲ್ಲಿ ಅದೇ ಪ್ರಯಾಣಿಕರಿಗೆ ಊಬರ್, ಲಿಫ್ಟ್ ಕಾರುಗಳನ್ನು ಬಳಸುವ ಅವಕಾಶ ಕೊಟ್ಟು, ಮೊದಲ 2 ಡಾಲರನ್ನು ಪ್ರಯಾಣಿಕರಿಂದ ಪಡೆದು ಅನಂತರದ 13 ಡಾಲರಿನವರೆಗೆ ತಾನು ತೆರುವ ಪ್ರಯೋಗವನ್ನು ಪ್ರಾಧಿಕಾರ ಆರಂಭಿಸಿತು. ಒಂದೊಂದು ಪ್ರಯಾಣದ ಖರ್ಚು ಬಹಳಷ್ಟು ಇಳಿಯಿತು, ಆದರೆ ಪ್ರಯಾಣಗಳು ಹೆಚ್ಚಿದವು. ಹೀಗಾಗಿ ನಿರೀಕ್ಷಿಸಿದಷ್ಟು ಉಳಿತಾಯ ಆಗಲಿಲ್ಲ. ಲೆಕ್ಕ ಪರಿಶೋಧಕರು ಇದನ್ನು ಕೊರತೆ ಎನ್ನಬಹುದು. ಆದರೆ ನಾಳೆ ಬರುವ ಹಲ್ಲುನೋವಿಗೆ ಇವತ್ತೇ ವಾಹನ ಕಾದಿರಿಸುವವರು ಯಾರು? ಹೆಚ್ಚಾದ ಆ ಪ್ರಯಾಣಗಳು ಅಷ್ಟು ವರ್ಷ ಮನೆಯೊಳಗೇ ನುಂಗಿಕೊಂಡಿದ್ದ ಅಗತ್ಯಗಳೂ ಆಗಿರಬಹುದಲ್ಲವೇ? ಗಾಲಿಕುರ್ಚಿಯನ್ನೇರಿಸಲು ಇಳಿಜಾರು ಹಲಗೆಯಿರುವ ವಾಹನಗಳು ಇಂತಹ ಕಂಪೆನಿಗಳಲ್ಲಿ ವಿರಳವೆಂಬುದು ಬೇರೆ ಮಾತು.

ಚಾಲಕನ ಕಡೆಯಿಂದ

ಈ ಯೋಜನೆಗಳ ವರದಿಗಳಲ್ಲಿ ಅಷ್ಟಾಗಿ ಕಾಣಿಸದ ಒಬ್ಬ ವ್ಯಕ್ತಿಯಿದ್ದಾನೆ: ಸ್ಟಿಯರಿಂಗ್ ಹಿಡಿದವನು. ಕಾರು ಅವನದ್ದು, ಪೆಟ್ರೋಲು ಅವನದ್ದು, ಟಯರು ಸವೆದರೆ ನಷ್ಟವೂ ಅವನದ್ದೇ. ಸರಕಾರದ ಸಹಾಯಧನ ಪ್ರಯಾಣಿಕನ ಹೊರೆಯನ್ನು ಇಳಿಸುತ್ತದೆ, ಕಂಪೆನಿಗೆ ಗಿರಾಕಿಗಳನ್ನು ತರುತ್ತದೆ. ಚಾಲಕನಿಗೆ ಪ್ರಯಾಣವೊಂದಕ್ಕೆ ಸಿಗುವ ಪಾಲು ಅದರಿಂದ ಹೆಚ್ಚುವುದಿಲ್ಲ. ನಡುರಾತ್ರಿ ಹೋಟೆಲಿನಿಂದ ಪಾತ್ರೆ ತೊಳೆಯುವವಳನ್ನು ಮನೆಗೆ ಬಿಡುವ ಚಾಲಕನೂ ಆದಾಯದ ಲೆಕ್ಕದಲ್ಲಿ ಆಕೆಯ ನೆರೆಯವನೇ ಆಗಿರುವುದುಂಟು. ಕರ್ನಾಟಕ ಸರಕಾರ 2025ರಲ್ಲಿ ಇಂತಹ ಆ್ಯಪ್ ಆಧಾರಿತ ದುಡಿಮೆಗಾರರ ಸಾಮಾಜಿಕ ಭದ್ರತೆಗಾಗಿ ಪ್ರತ್ಯೇಕ ಕಾನೂನನ್ನೇ ಮಾಡಿ, ಕಂಪೆನಿಗಳಿಂದ ಕಲ್ಯಾಣ ಶುಲ್ಕ ಸಂಗ್ರಹಿಸಲು ಅವಕಾಶ ಕಲ್ಪಿಸಿತು. ಈ ವಿಷಯದಲ್ಲಿ ನಾವು ಫ್ಲಾರಿಡಾದವರಿಗಿಂತ ಹಿಂದಿಲ್ಲ.

ಇನ್ನೊಂದು ಸಂಗತಿಯೂ ಇದೆ. 2009ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಹುಟ್ಟಿದ ಊಬರ್ ತನ್ನ ವ್ಯವಹಾರದಲ್ಲಿ ಮೊದಲ ಬಾರಿಗೆ ಇಡೀ ವರ್ಷದ ಲಾಭ ಕಂಡದ್ದು 2023ರಲ್ಲಿ. ಅಷ್ಟು ವರ್ಷ ಬಾಡಿಗೆ ಅಗ್ಗವಾಗಿ ಕಂಡದ್ದರ ಹಿಂದೆ ಹೂಡಿಕೆದಾರರ ಹಣವಿತ್ತು. ಪುರಸಭೆಗಳು 'ಬಸ್ಸಿಗಿಂತ ಇದೇ ಅಗ್ಗ' ಎಂದು ಲೆಕ್ಕ ಹಾಕಿದ್ದು ಆ ಅಗ್ಗದ ದಿನಗಳಲ್ಲಿ. ಬೇರೆಯವರು ಸುರಿದ ಎಣ್ಣೆಯಲ್ಲಿ ಉರಿಯುವ ದೀಪವನ್ನು ನಂಬಿ ಮನೆಯ ದೀಪವನ್ನು ಆರಿಸಿದ ಹಾಗಾಯಿತು.

ನಮ್ಮ ದಾರಿಯಲ್ಲಿ

ಕರ್ನಾಟಕ ಆರಿಸಿಕೊಂಡದ್ದು ಬಸ್ಸಿನ ದಾರಿ. 2023ರ ಜೂನ್ 11ರಂದು ಆರಂಭವಾದ 'ಶಕ್ತಿ' ಯೋಜನೆಯಲ್ಲಿ ರಾಜ್ಯದ ಮಹಿಳೆಯರು ಸರಕಾರಿ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಹಣ ಕೊಡದೆ ಪ್ರಯಾಣಿಸುತ್ತಾರೆ. ನಿರ್ವಾಹಕ ಶೂನ್ಯ ದರದ ಟಿಕೆಟು ಹರಿದು ಕೊಡುತ್ತಾನೆ. ಆ ಟಿಕೆಟಿನ ಹಣವನ್ನು ಸರಕಾರ ನಿಗಮಕ್ಕೆ ತುಂಬಬೇಕು. ಆದಾಯದ ದಾಖಲೆ ಬೇಡ, ಅರ್ಜಿ ಬೇಡ, ಮೊಬೈಲೂ ಬೇಡ. ರಾಜ್ಯದ ವಿಳಾಸವಿರುವ ಒಂದು ಗುರುತಿನ ಚೀಟಿ ಸಾಕು. ತಿಂಗಳಿಗೆ ಇಷ್ಟೇ ಎಂಬ ಮಿತಿಯೂ ಇಲ್ಲ. ಇನ್ನಿಸ್‌ಫಿಲ್ಲಿನ ಪಾಡನ್ನು ನೋಡಿದ ಮೇಲೆ, ಬಸ್ಸನ್ನೇ ನೆಚ್ಚಿಕೊಂಡದ್ದು ಒಳ್ಳೆಯ ನಿರ್ಧಾರವೆಂದೇ ಹೇಳಬೇಕಾಗುತ್ತದೆ.

ಆದರೆ ನಮ್ಮ ಕರಾವಳಿಯ ಕಥೆ ಸ್ವಲ್ಪ ಬೇರೆ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಊರೂರಿಗೆ ಹೋಗುವ ಬಸ್ಸುಗಳಲ್ಲಿ ಖಾಸಗಿಯವೇ ಹೆಚ್ಚು. ಅವುಗಳಲ್ಲಿ ಶಕ್ತಿಯ ಟಿಕೆಟು ನಡೆಯುವುದಿಲ್ಲ. ಸರಕಾರಿ ಬಸ್ಸು ಹಾಯದ ದಾರಿಯಲ್ಲಿ ಮನೆ ಮಾಡಿದ ಹೆಂಗಸಿಗೆ ಆ ಯೋಜನೆ ಪತ್ರಿಕೆಯಲ್ಲಿ ಓದುವ ಸುದ್ದಿ ಮಾತ್ರ. ಇನ್ನು ರಾತ್ರಿಯ ಮಾತು. ಸಂಜೆ ಏಳೆಂಟು ಗಂಟೆಯ ಬಳಿಕ ಒಳದಾರಿಗಳಲ್ಲಿ ಖಾಸಗಿಯೂ ಇಲ್ಲ, ಸರಕಾರಿಯೂ ಇಲ್ಲ ಎಂಬ ಊರುಗಳು ಎಷ್ಟಿಲ್ಲ? ರಾತ್ರಿ ಪಾಳಿಯಲ್ಲಿ ಮಹಿಳೆಯರನ್ನು ದುಡಿಸಿಕೊಳ್ಳುವ ಸಂಸ್ಥೆಗಳು ಅವರಿಗೆ ವಾಹನ ಒದಗಿಸಬೇಕೆಂಬ ಷರತ್ತು ನಮ್ಮ ನಿಯಮಗಳಲ್ಲಿದೆ. ದೊಡ್ಡ ಕಂಪೆನಿಗಳ ವಾಹನಗಳು ಮನೆ ಬಾಗಿಲಿಗೆ ಬರುವುದನ್ನು ಕಾಣುತ್ತೇವೆ. ಸಣ್ಣ ನರ್ಸಿಂಗ್ ಹೋಮಿನ ಆಯಾಗೆ, ಹೋಟೆಲಿನ ತೊಳೆಯುವ ಕೆಲಸದವಳಿಗೆ, ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳಲು ಹೋಗುವವಳಿಗೆ ಯಾರು ವಾಹನ ಕಳುಹಿಸುತ್ತಾರೆ? ಗಂಡಸರ ವಿಷಯವನ್ನಂತೂ ಯಾರೂ ಕೇಳುವುದಿಲ್ಲ. ಕಾವಲುಗಾರ ನಡೆದೇ ಬರಲಿ ಎಂಬುದು ಲೋಕದ ಭಾವನೆಯಿರಬೇಕು.

ಪಿನೆಲ್ಲಾಸಿನಂತೆ ಮಾಡುವುದಾದರೆ ಇಲ್ಲಿ ಅಮೆರಿಕದ ಕಂಪೆನಿಯನ್ನು ಹುಡುಕಬೇಕಾಗಿಲ್ಲ. ಪ್ರತಿಯೊಂದು ಪೇಟೆಯಲ್ಲೂ ರಿಕ್ಷಾ ನಿಲ್ದಾಣವಿದೆ. ಚಾಲಕರಿಗೆ ಮನೆಗಳ ಗುರುತಿದೆ, ಮನೆಯವರಿಗೆ ಚಾಲಕರ ಗುರುತಿದೆ. ಒಂದೇ ದಿಕ್ಕಿಗೆ ಹೋಗುವ ಮೂವರನ್ನು ಒಟ್ಟಿಗೆ ಕೂರಿಸಿದರೆ ಬಾಡಿಗೆ ಮೂರು ಪಾಲಾಗುತ್ತದೆ ಎಂಬುದನ್ನು ನಮ್ಮ ಸರ್ವಿಸ್ ಜೀಪುಗಳು ಆ್ಯಪ್‌ಗಳು ಹುಟ್ಟುವ ಮೊದಲೇ ಕಲಿಸಿದ್ದವು. ಇಲ್ಲದಿರುವುದು ಒಂದೇ: ಯಾವ ಊರಿನಿಂದ ಎಷ್ಟು ಮಂದಿ, ಎಷ್ಟು ಗಂಟೆಗೆ, ಎಲ್ಲಿಂದ ಎಲ್ಲಿಗೆ ಎಂಬ ಪಟ್ಟಿ. ಪ್ರಾಧಿಕಾರದ ಮುಂದೆ 23 ಎಂಬ ಅಂಕೆ ಬರಬೇಕಾದರೆ ರಾತ್ರಿ ದುಡಿಯುವವರನ್ನು ಮೊದಲು ಯಾರಾದರೂ ಎಣಿಸಿರಬೇಕಷ್ಟೆ.

ನಮ್ಮ ಧರ್ಮಕೇಂದ್ರಗಳಲ್ಲಿ ರಾತ್ರಿ ಪಾಳಿಯ ದಾದಿಯರು, ಆಯಾಗಳು, ಹೋಟೆಲು ಕಾರ್ಮಿಕರು, ಕಾವಲುಗಾರರು ಬಹಳ ಮಂದಿ ಇದ್ದಾರೆ. ಈ ಲೇಖನವನ್ನು ಓದುವ ಅಂತಹವರು, ಅಥವಾ ಅವರಿಗಾಗಿ ದೀಪ ಹಚ್ಚಿಟ್ಟು ಕಾಯುವ ಮನೆಯವರು, ತಮ್ಮ ಊರು, ಪಾಳಿಯ ಹೊತ್ತು, ಕೊನೆಯ ಬಸ್ಸಿನ ಸಮಯ, ತಿಂಗಳಿಗೆ ಬಾಡಿಗೆಗೆ ಹೋಗುವ ಹಣ, ಇಷ್ಟನ್ನು ನಾಲ್ಕು ಸಾಲಿನಲ್ಲಿ ಈ ಅಂಕಣಕ್ಕೆ ಬರೆದು ತಿಳಿಸಬೇಕೆಂದು ಕೋರಿಕೆ. ಹೆಸರನ್ನಾಗಲಿ, ಕೆಲಸ ಮಾಡುವ ಸ್ಥಳದ ಹೆಸರನ್ನಾಗಲಿ ಬರೆಯಬೇಕಾಗಿಲ್ಲ.